ವಿಭೂತಿಯ ಬಿಳುಪಿಗೆ ಮೂರು ಪ್ರಿಂಟು

2006ರ ಬೇಸಿಗೆ ಶುರುವಾಗುವ ಹೊತ್ತಿನ ಒಂದು ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಐವತ್ತೇಳು ನಿಮಿಷಕ್ಕೆ ನಾನು ಹರಪನಹಳ್ಳಿ ತಾಲ್ಲೂಕಿನ ಒಂದು ಊರಿನಲ್ಲಿ, ಒಂದು ಮನೆಯ ಪಡಸಾಲೆಯಲ್ಲಿ, ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದೆ. ಕ್ಯಾಮೆರಾದಲ್ಲಿ ದಾಖಲಾದ ವೇಳೆ ಹನ್ನೊಂದು ಗಂಟೆ ಎಂಟು ನಿಮಿಷ. ಆ ಕ್ಯಾಮೆರಾದ ಗಡಿಯಾರ ಹನ್ನೊಂದು ನಿಮಿಷ ಮುಂದಿತ್ತು, ಅದನ್ನು ಕಳೆದು ಬರೆದಿದ್ದೇನೆ. ನನ್ನಿಂದ ಎದುರಿನ ಗೋಡೆಗೆ ಏಳು ಅಡಿ. ಗೋಡೆಗೆ ಆನಿಸಿ ಕೂಡಿಸಿದ್ದ ಹೆಣ್ಣುಮಗಳ ಮುಖಕ್ಕೆ ಐದೂವರೆ ಅಡಿ. ಊರಿನ ಹೆಸರನ್ನು ಬರೆಯುವುದಿಲ್ಲ. ಉಳಿದದ್ದನ್ನು ಕಂಡಷ್ಟು ಬರೆಯುತ್ತೇನೆ.

ನಾನಾಗ ಕೊಟ್ಟೂರಿನ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ. ಫೋಟೋ ತೆಗೆಯುವುದೂ ನಾನೇ, ಕಂಪ್ಯೂಟರಿನ ಮುಂದೆ ಕೂಡುವುದೂ ನಾನೇ. ಸತ್ತವಳಿಗೆ ಇಪ್ಪತ್ತೆರಡು ವರ್ಷ. ಬಚ್ಚಲಲ್ಲಿ ಜಾರಿ ಬಿದ್ದಳು ಎಂದು ಹೇಳಿದರು. ಆ ಮನೆಯವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ಹಣೆ, ತೋಳು, ಕುತ್ತಿಗೆಗೆ ವಿಭೂತಿ ಬಳಿದು, ಹೊಸ ಸೀರೆ ಉಡಿಸಿ, ಕೂಡಿಸಿ ಪೂಜೆ ಮಾಡುತ್ತಾರೆ. ಮಣ್ಣಿನಲ್ಲಿಯೂ ಕೂಡಿಸಿಯೇ ಇಡುತ್ತಾರೆ. ಮಣ್ಣಿಗೆ ಒಯ್ಯುವ ಮೊದಲು ಮನೆಮಂದಿ ಸುತ್ತ ನಿಂತು ಒಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಅಂಥ ಫೋಟೋಗಳನ್ನು ನಾನು ಅದಕ್ಕೆ ಮೊದಲೇ ಎಷ್ಟೋ ತೆಗೆದಿದ್ದೆ. ಅದು ನಮ್ಮ ಕೆಲಸದಲ್ಲಿ ಕಷ್ಟದ ಭಾಗವೇನೂ ಆಗಿರಲಿಲ್ಲ.

ಕಷ್ಟ ಇದ್ದದ್ದು ಬಿಳುಪಿನದು. ಡಿಜಿಟಲ್ ಕ್ಯಾಮೆರಾ ಬಂದು ಆಗ ನಾಲ್ಕು ತಿಂಗಳಾಗಿತ್ತು. ರೀಲಿನ ಕ್ಯಾಮೆರಾದಲ್ಲಿ ವಿಭೂತಿ ವಿಭೂತಿಯ ಹಾಗೆಯೇ ಬರುತ್ತಿತ್ತು, ಇದರಲ್ಲಿ ಫ್ಲ್ಯಾಶ್ ಬಿದ್ದೊಡನೆ ಸುಣ್ಣ ಮೆತ್ತಿದ ಹಾಗೆ ಒಂದೇ ಬಿಳುಪಾಗುತ್ತಿತ್ತು. ಹಾಗಾಗಿ ನಾನು ಮೈ ತೊಳೆದ ಹೆಂಗಸರಲ್ಲಿ ಹಿರಿಯವಳನ್ನು ಕೇಳಿದೆ.

“ಅಕ್ಕಾ, ಬಿಳುಪು ಭಾಳ ಆತು. ಮುಖ ಬರಾಂಗಿಲ್ಲ. ಸ್ವಲ್ಪ ಒರಸ್ತೀರೇನು?”

ಅವಳು ಸೆರಗಿನ ತುದಿಯಿಂದ ಹಣೆ ಒರೆಸಿದಳು. ಎರಡೂ ತೋಳು ಒರೆಸಿದಳು. ನಾನು ಕುತ್ತಿಗೆಯ ಕಡೆ ಕೈ ತೋರಿಸಿದೆ.

“ಅದೊಂದು ಬ್ಯಾಡ. ಅಲ್ಲಿ ಕೈ ಹಚ್ಚಬಾರದು.”

“ಯಾಕ್ರಿ?”

“ಯಾಕಂದ್ರ? ಪದ್ಧತಿ. ನಿನ್ನ ಡಬ್ಬಿ ನೀ ನೋಡ್ಕ.”

ಹಾಗೊಂದು ಪದ್ಧತಿ ಇದೆಯೆಂದು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಆಗ ಅದರ ಬಗ್ಗೆ ಯೋಚಿಸಲಿಲ್ಲ. ಹನ್ನೊಂದು ಫೋಟೋ ತೆಗೆದೆ, ಏಳು ಫ್ಲ್ಯಾಶ್ ಹಾಕಿ, ನಾಲ್ಕು ಎಡಗಡೆಯ ಕಿಟಕಿಯ ಬೆಳಕಿನಲ್ಲಿ. ಗಂಡ ಬಲಕ್ಕೆ, ಗಂಡನ ಅಣ್ಣ ಎಡಕ್ಕೆ. ತಾಯಿ ಹಡಗಲಿಯಿಂದ ಆಗತಾನೇ ಬಂದಿದ್ದಳು. ಅವಳು ಬರುವಷ್ಟರಲ್ಲಿ ಮಗಳನ್ನು ತೊಳೆದು ಕೂಡಿಸಿಯಾಗಿತ್ತು. ತಂದ ಬುಟ್ಟಿಯಿಂದ ಮಲ್ಲಿಗೆಯ ಮಾಲೆ ತೆಗೆದು ಮಗಳ ಕೊರಳಿಗೆ ಹಾಕಿ ಕಾಲ ಬಳಿ ಕುಳಿತಳು. ಹನ್ನೊಂದರಲ್ಲಿಯೂ ಅವಳು ನೆಲ ನೋಡುತ್ತಿದ್ದಾಳೆ.

ಇನ್ನು ಸಾಫ್ಟ್‌ವೇರಿನ ವಿಷಯ. ಆ ಕ್ಯಾಮೆರಾದಲ್ಲಿ ಎರಡು ಬಗೆಯಲ್ಲಿ ಫೋಟೋ ತೆಗೆಯಬಹುದಿತ್ತು. ಒಂದರಲ್ಲಿ ಕ್ಯಾಮೆರಾವೇ ಬಣ್ಣ, ಬೆಳಕು ಎಲ್ಲ ತೀರ್ಮಾನ ಮಾಡಿ ಸಿದ್ಧ ಚಿತ್ರ ಕೊಡುತ್ತಿತ್ತು. ಇನ್ನೊಂದರಲ್ಲಿ ಏನನ್ನೂ ತೀರ್ಮಾನ ಮಾಡದೆ, ಒಳಗೆ ಬಿದ್ದ ಬೆಳಕನ್ನಷ್ಟೇ ಬರೆದಿಟ್ಟುಕೊಳ್ಳುತ್ತಿತ್ತು. ನಮ್ಮ ಮಾಲೀಕರು ಮೊದಲನೆಯದಕ್ಕೆ ಪಕ್ಕಾ ಫೈಲು, ಇಂಗ್ಲಿಷಿನಲ್ಲಿ ರಾ ಎನ್ನುವ ಎರಡನೆಯದಕ್ಕೆ ಕಚ್ಚಾ ಫೈಲು ಎಂದು ಹೆಸರಿಟ್ಟಿದ್ದರು. ಕಚ್ಚಾ ಫೈಲನ್ನು ನೇರವಾಗಿ ನೋಡಲು ಬರುವುದಿಲ್ಲ. ಅದನ್ನು ಚಿತ್ರ ಮಾಡಲು ಬೇರೆ ಸಾಫ್ಟ್‌ವೇರ್ ಬೇಕು, ಯಾವ ಸಾಫ್ಟ್‌ವೇರೋ ಅದರಂತೆ ಚಿತ್ರ. ಮುಂದಿನ ತಿಂಗಳಿಂದ ಮದುವೆಗಳು. ಅಷ್ಟರೊಳಗೆ ಯಾವುದಾದರೂ ಒಂದನ್ನು ಆರಿಸಿ ಅದರಲ್ಲೇ ಎಲ್ಲ ಕೆಲಸ ಮಾಡಬೇಕು ಎಂದು ಮಾಲೀಕರು ನನಗೆ ಹೇಳಿದ್ದರು.

ನನ್ನ ಬಳಿ ಮೂರಿದ್ದವು. ಕ್ಯಾಮೆರಾದ ಪೆಟ್ಟಿಗೆಯಲ್ಲಿಯೇ ಬಂದ ಸಿ.ಡಿ. ಒಂದು. ಹೊಸಪೇಟೆಯ ಸೈಬರ್ ಸೆಂಟರಿನಲ್ಲಿ ಅರ್ಧ ದಿನ ಕೂತು ಇಳಿಸಿಕೊಂಡು ಬಂದವು ಎರಡು: ಯಾವುದೋ ದೇಶದ ಒಬ್ಬನೇ ಮನುಷ್ಯ ಬರೆದು ಪುಕ್ಕಟೆ ಹಂಚುತ್ತಿದ್ದ ಒಂದು, ಹದಿನೈದು ದಿನ ಮಾತ್ರ ನಡೆಯುವ ಇನ್ನೊಂದು. ಸ್ಟುಡಿಯೋದಲ್ಲಿ ಅವಕ್ಕೆ ಡಬ್ಬಿದು, ಪುಕ್ಕಟಿದು, ಹದಿನೈದು ದಿನದ್ದು ಎನ್ನುತ್ತಿದ್ದೆವು.

ಹೋಲಿಸಲು ಒಂದೇ ಫೋಟೋವನ್ನು ಮೂರರಲ್ಲಿಯೂ ತಯಾರಿಸಿ ಪ್ರಿಂಟ್ ಹಾಕಿಸಿ ನೋಡಬೇಕು. ಆ ಫೋಟೋದಲ್ಲಿ ಕಷ್ಟದ ಬಣ್ಣಗಳೆಲ್ಲ ಒಟ್ಟಿಗೆ ಇರಬೇಕು. ನಾನು ಇದ್ದ ಕಚ್ಚಾ ಫೈಲುಗಳನ್ನೆಲ್ಲ ನೋಡಿದೆ. ಒಂದು ಮದುವೆ ನಿಶ್ಚಯದ್ದು, ಒಂದು ಶಾಲೆಯದ್ದು, ಈ ಹನ್ನೊಂದು. ಈ ಹನ್ನೊಂದರಲ್ಲಿ ಬಿಳಿ ವಿಭೂತಿ ಇತ್ತು, ಬಿಳಿ ಮಲ್ಲಿಗೆ ಇತ್ತು, ಕೆಂಪು ಸೀರೆ, ಹಸಿರು ಬಳೆ, ಚಿನ್ನದ ಬೋರಮಾಳ ಸರ, ಎಣ್ಣೆಗಪ್ಪಿನ ಮೈ ಎಲ್ಲ ಇದ್ದವು. ಅದಕ್ಕಿಂತ ಹೆಚ್ಚಾಗಿ, ಅವಳು ಅಲುಗಾಡಿರಲಿಲ್ಲ. ಎಲ್ಲಿಯೂ ಮಸುಕಿರಲಿಲ್ಲ. ಆದ್ದರಿಂದ ಸತ್ತವಳನ್ನೇ ಪರೀಕ್ಷೆಗೆ ಆರಿಸಿಕೊಂಡೆ. ಇದನ್ನು ನಾನು ಮಾಲೀಕರಿಗೆ ಹೇಳಿದಾಗ ಅವರು, “ಶಾಣ್ಯಾ ಅದಿ,” ಎಂದರು. ನನಗೆ ಖುಷಿಯಾಯಿತು. ಆ ಖುಷಿ ನನಗೆ ಚೆನ್ನಾಗಿ ನೆನಪಿದೆ.

ಬುಧವಾರ, ಅಂದರೆ ಮಣ್ಣಾದ ಮೂರನೆಯ ದಿನ, ಕೆಲಸ ಶುರು ಮಾಡಿದೆ. ಡಬ್ಬಿದು ಒಂದು ಫೋಟೋಕ್ಕೆ ಅರ್ಧ ನಿಮಿಷ ತೆಗೆದುಕೊಂಡಿತು. ವಿಭೂತಿ ಬೆಳ್ಳಗೆ, ಮೈ ನುಣ್ಣಗೆ. ಹೂವೂ ವಿಭೂತಿಯೂ ಒಂದೇ ಬಿಳುಪಾಗಿ ಸೇರಿಕೊಂಡಿದ್ದವು. ಪುಕ್ಕಟಿದು ಮೈಗೆ ಸ್ವಲ್ಪ ಹಳದಿ ಹಚ್ಚಿತು. ಬಿಳುಪು ಮಾತ್ರ ಹಾಗೆಯೇ. ಗುರುವಾರ ಕರೆಂಟು ನಾಲ್ಕು ಸಲ ಹೋಯಿತು. ಎರಡು ಸಲ ಯು.ಪಿ.ಎಸ್. ಕೈಕೊಟ್ಟು ಮಾಡಿದ್ದೆಲ್ಲ ಹೋಯಿತು. ಹದಿನೈದು ದಿನದ್ದು ನಮ್ಮ ಕಂಪ್ಯೂಟರಿಗೆ ಭಾರವಾಗಿತ್ತು, ಒಂದು ಫೋಟೋಕ್ಕೆ ಒಂದೂವರೆ ನಿಮಿಷ. ಆದರೆ ಅದರ ಪರದೆಯಲ್ಲಿ ಮೌಸಿನಿಂದ ಎಳೆಯುವ ಒಂದು ಪಟ್ಟಿ ಇತ್ತು. ಅದನ್ನು ಬಲಕ್ಕೆ ಎಳೆದರೆ, ಸುಟ್ಟುಹೋದಂತೆ ಕಾಣುವ ಬಿಳುಪಿನೊಳಗಿಂದ ಉಳಿದದ್ದು ಹೊರಗೆ ಬರುತ್ತಿತ್ತು. ಕ್ಯಾಮೆರಾ ಬರೆದಿಟ್ಟುಕೊಂಡದ್ದನ್ನು ಉಳಿದೆರಡು ಸಾಫ್ಟ್‌ವೇರುಗಳು ಬಿಸಾಕುತ್ತಿದ್ದವು, ಇದು ಬಿಸಾಕುತ್ತಿರಲಿಲ್ಲ. ಅಷ್ಟೇ ವ್ಯತ್ಯಾಸ.

ಶುಕ್ರವಾರ ಮಧ್ಯಾಹ್ನ ಆ ಪಟ್ಟಿಯನ್ನು ಎಳೆದೆ. ಮೊದಲು ಹೂವು ಬಂತು. ಒಂದೊಂದೇ ಎಸಳು ಬಿಡಿಸಿಕೊಂಡಿತು. ಇನ್ನೂ ಎಳೆದೆ. ವಿಭೂತಿಯಲ್ಲಿ ಬಳಿದ ಬೆರಳುಗಳ ಗೆರೆ ಬಂತು. ಇನ್ನೂ ಸ್ವಲ್ಪ ಎಳೆದೆ. ಕುತ್ತಿಗೆಯ ಎಡಭಾಗದಲ್ಲಿ, ಗದ್ದದ ಕೆಳಗೆ, ಬೂದಿಯ ತೆಳುವಾದ ಪದರದ ಹಿಂದೆ ಒಂದು ಕಪ್ಪು ಪಟ್ಟೆ ಬಂತು. ಕಿರುಬೆರಳಿನಷ್ಟು ಅಗಲ. ಮುಂದಿನಿಂದ ಕಿವಿಯ ಹಿಂದಕ್ಕೆ ಏರುತ್ತ ಹೋಗಿತ್ತು.

ಅದು ಏನೆಂದು ನನಗೆ ಗೊತ್ತಿಲ್ಲ. ನಾನು ಡಾಕ್ಟರಲ್ಲ. ಆದರೆ ಏನಲ್ಲ ಎಂಬುದನ್ನು ನಾನು ಪರೀಕ್ಷಿಸಿ ನೋಡಿದೆ. ಮಾಲೆಯ ನೆರಳೇ ಎಂದು ನೋಡಿದೆ. ಮಾಲೆ ನಾಲ್ಕು ಬೆರಳು ಕೆಳಗಿತ್ತು. ಫ್ಲ್ಯಾಶಿನ ನೆರಳೇ ಎಂದು ಕಿಟಕಿಯ ಬೆಳಕಿನ ನಾಲ್ಕನ್ನು ತೆರೆದೆ. ಬೆಳಕು ಬಂದ ದಿಕ್ಕು ಬದಲಾಗಿತ್ತು, ಪಟ್ಟೆ ಬದಲಾಗಿರಲಿಲ್ಲ. ಕ್ಯಾಮೆರಾದೊಳಗಿನ ದೂಳೇ ಎಂದು ನೋಡಿದೆ. ದೂಳಾದರೆ ಚೌಕಟ್ಟಿನ ಒಂದೇ ಜಾಗದಲ್ಲಿ ಇರಬೇಕು. ಇದು ಚೌಕಟ್ಟು ಸರಿದಂತೆ ಕುತ್ತಿಗೆಯ ಜೊತೆಗೆ ಸರಿಯುತ್ತಿತ್ತು. ತಲೆ ನಿಲ್ಲಲಿ ಎಂದು ಕಟ್ಟಿದ ಬಟ್ಟೆ ಗದ್ದದಿಂದ ನೆತ್ತಿಗೆ ಹೋಗಿತ್ತು, ಕುತ್ತಿಗೆಯನ್ನು ಮುಟ್ಟಿರಲಿಲ್ಲ. ಹನ್ನೊಂದರಲ್ಲಿ ಎರಡು ಫೋಟೋಗಳಲ್ಲಿ ಯಾರದೋ ತಲೆ ಅಡ್ಡ ಬಂದಿತ್ತು. ಉಳಿದ ಒಂಬತ್ತರಲ್ಲಿಯೂ ಪಟ್ಟೆ ಇತ್ತು.

ಮಾಲೀಕರನ್ನು ಕರೆದು ತೋರಿಸಿದೆ. ಅವರು ನೆಗೆಟಿವ್ ಮೇಲೆ ಪೆನ್ಸಿಲಿನಿಂದ ಟಚಿಂಗ್ ಮಾಡಿ ಹೆಸರಾದವರು. ಸಿಡುಬಿನ ಕಲೆ, ಮೆಳ್ಳೆಗಣ್ಣು, ಮುರಿದ ಹಲ್ಲು ಎಲ್ಲವನ್ನೂ ಮೂವತ್ತು ವರ್ಷ ಸರಿಮಾಡಿದವರು. ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು ಬಹಳ ಹೊತ್ತು ನೋಡಿದರು.

“ಹದಿನೈದು ದಿನದ್ರಾಗ ಅಷ್ಟ ಬರತೈತೇನು ಇದು?”

“ಹೌದ್ರಿ.”

“ಉಳಿದ ಎರಡ್ರಾಗ?”

“ಇಲ್ರಿ.”

“ಹಂಗಾದ್ರ ಎರಡು ಮಂದಿ ಇಲ್ಲ ಅಂತಾರ, ಒಬ್ಬ ಐತಿ ಅಂತಾನ. ನೀ ಯಾರ ಮಾತು ಕೇಳ್ತಿ?”

“ಇದು ಮಾತಲ್ರಿ. ಒಳಗ ಇದ್ದದ್ದ ಬಂದೈತಿ.”

“ಲೇ, ನೀ ಫೋಟೋ ತಗ್ಯಾಂವನೋ, ಪೊಲೀಸನೋ? ಪರದಿ ಸುಳ್ಳು ಹೇಳತೈತಿ. ಮೂರೂ ಪ್ರಿಂಟ್ ಹಾಕಿಸ್ಕೊಂಡು ಬಾ. ಕಾಗದದ ಮ್ಯಾಲ ನೋಡಾಣ.”

ಸೋಮವಾರ ಮೂರು ಚಿತ್ರಗಳನ್ನು ಸಿ.ಡಿ.ಗೆ ಹಾಕಿಕೊಂಡು ಬಸ್ಸಿನಲ್ಲಿ ದಾವಣಗೆರೆಯ ಲ್ಯಾಬಿಗೆ ಹೋದೆ. ಅಲ್ಲಿನ ಆಪರೇಟರು ನನಗೆ ಪರಿಚಯದವನು, ಯಾವಾಗಲೂ ಬಾಯಲ್ಲಿ ಅಡಿಕೆ ಇರುವ ಮನುಷ್ಯ. ಮೂರನೆಯ ಚಿತ್ರ ತೆರೆದೊಡನೆ ಅಗಿಯುವುದನ್ನು ನಿಲ್ಲಿಸಿದ.

“ಏನಪಾ, ಈಕಿ ಕುತ್ತಿಗಿಗೆ ಏನಾಗೈತಿ?”

“ಗೊತ್ತಿಲ್ಲ.”

“ತೆಗೆದುಬಿಡ್ಲಾ? ಅರ್ಧ ನಿಮಿಷದ ಕೆಲಸ. ಚಾ ಕುಡಿಯೋದ್ರಾಗ ಹೊಸ ಕುತ್ತಿಗಿ ಕೊಡ್ತೀನಿ.”

“ಬ್ಯಾಡ. ಇದ್ದಂಗ ಬರಲಿ. ಟೆಸ್ಟ್ ಐತಿ.”

ಆ ದಿನ ಆ ಕಲೆಯನ್ನು ಉಳಿಸಿದವನು ನಾನೇ ಎಂದು ಆಮೇಲೆ ಕೆಲವು ಸಲ ನನ್ನನ್ನು ನಾನು ಸಮಾಧಾನ ಮಾಡಿಕೊಂಡಿದ್ದುಂಟು. ಅದು ಸುಳ್ಳು. ಟೆಸ್ಟ್ ಕೆಡಬಾರದು ಎಂದು ಬೇಡ ಎಂದೆ. ಬೇರೆ ಕಾರಣ ಆ ಕ್ಷಣ ನನ್ನ ತಲೆಯಲ್ಲಿರಲಿಲ್ಲ. ಎಂಟು ಇಂಚು ಅಗಲ, ಹನ್ನೆರಡು ಇಂಚು ಉದ್ದದ ಮೂರು ಪ್ರಿಂಟುಗಳೊಂದಿಗೆ ಸಂಜೆಗೆ ಕೊಟ್ಟೂರಿಗೆ ಬಂದೆ.

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಮಾಲೀಕರು ಕೌಂಟರಿನ ಗಾಜಿನ ಮೇಲೆ ಮೂರನ್ನೂ ಎಡದಿಂದ ಬಲಕ್ಕೆ ಸಾಲಾಗಿ ಇಟ್ಟರು: ಡಬ್ಬಿದು, ಪುಕ್ಕಟಿದು, ಹದಿನೈದು ದಿನದ್ದು. ಬಾಗಿಲ ಬೆಳಕು ನೇರವಾಗಿ ಬೀಳುತ್ತಿತ್ತು. ನಾವಿಬ್ಬರೂ ಬಿಳುಪಿನ ಬಗ್ಗೆ ಮಾತಾಡುತ್ತಿದ್ದೆವು. ಕಾಗದದ ಮೇಲೂ ಪಟ್ಟೆ ಇತ್ತು. ಪರದೆಗಿಂತ ಸ್ಪಷ್ಟವಾಗಿತ್ತು.

ಆಗ ಇಬ್ಬರು ಒಳಗೆ ಬಂದರು. ಸತ್ತವಳ ತಾಯಿ, ಅವಳ ಹಿಂದೆ ಗಂಡನ ಅಣ್ಣ. ಹನ್ನೊಂದನೆಯ ದಿನದ ಕಾರ್ಯಕ್ಕೆ ಫ್ರೇಮು ಹಾಕಿದ ಫೋಟೋ ಬೇಕೆಂದು ಆತ ಹೇಳಿಹೋಗಿದ್ದ. ಬರಬೇಕಾದದ್ದು ಮರುದಿನ. ಕೊಟ್ಟೂರಿನಲ್ಲಿ ಸಂತೆಯ ಕೆಲಸವಿತ್ತು, ಹಾಗೇ ಬಂದೆವು ಎಂದ. ನಾನು ಪ್ರಿಂಟುಗಳನ್ನು ತಿರುವಿ ಹಾಕಬಹುದಿತ್ತು. ನನ್ನ ಕೈ ಅವುಗಳಿಂದ ಒಂದು ಅಡಿ ದೂರದಲ್ಲಿತ್ತು. ಹಾಕಲಿಲ್ಲ.

ತಾಯಿ ಕೌಂಟರಿನ ಮುಂದೆ ನಿಂತು ನೋಡಿದಳು. ಮೊದಲನೆಯದು, ಎರಡನೆಯದು, ಮೂರನೆಯದು. ಮತ್ತೆ ಮೊದಲಿನಿಂದ. ಅಳಲಿಲ್ಲ. ಹೂವಿನ ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡಿದವಳು, ಸರಕು ನೋಡುವ ಹಾಗೆಯೇ ನೋಡಿದಳು.

“ಮೂರರಾಗ ಯಾವಾಕಿ ನನ್ನ ಮಗಳು, ತಮ್ಮಾ?” ಎಂದು ನನ್ನನ್ನು ಕೇಳಿದಳು.

ಮಾಲೀಕರು ನಡುವೆ ಬಂದರು. “ಮೂರೂ ಆಕೀನ, ಯವ್ವಾ. ಮಷೀನು ಬ್ಯಾರೆ ಬ್ಯಾರೆ. ಚಂದ ಇದ್ದದ್ದು ಆರಿಸ್ಕ.”

“ಇದರಾಗ ಕುತ್ತಿಗಿ ಮ್ಯಾಲ ಏನೋ ಐತಲ್ಲ.”

“ಅದು ಕಂಪ್ಯೂಟರಿನ ಕಲಿ. ಹೊಸ ಮಷೀನು, ಒಮ್ಮೊಮ್ಮೆ ಹಂಗ ಮಾಡತೈತಿ.”

ಗಂಡನ ಅಣ್ಣ ಮೂರನೆಯ ಪ್ರಿಂಟನ್ನು ಆಗ ನೋಡಿದ. ಅವನ ಮುಖದಲ್ಲಿ ನಾನು ಏನನ್ನಾದರೂ ಕಂಡೆ ಎಂದು ಬರೆದರೆ ತಪ್ಪಾಗುತ್ತದೆ. ಏನೂ ಕಾಣಲಿಲ್ಲ. ಆತ ನಕ್ಕ. “ಕಂಪ್ಯೂಟರಿಗೂ ದೆವ್ವ ಹಿಡಿತೈತೇನ್ರಿ ಸಾಹುಕಾರ್ರ? ನಿಂಬಿಹಣ್ಣು ಕಟ್ರಿ ಅದಕ.”

ತಾಯಿ ಅವನ ಕಡೆ ತಿರುಗಲಿಲ್ಲ. ಮೂರನೆಯ ಪ್ರಿಂಟಿನ ಮಾಲೆಯ ಮೇಲೆ ತೋರುಬೆರಳು ಇಟ್ಟಳು.

“ಈ ಹೂವು ನಾ ಕಟ್ಟಿದ್ದು. ಬೆಳಗಿನ ಯಾಪಾರಕ್ಕ ಕಟ್ಟಾಕ ಕುಂತಿದ್ದೆ, ಸುದ್ದಿ ಬಂತು. ಎದ್ದಾಗ ಕಾಲಿಗೆ ಸಿಕ್ಕು ದಾರ ಹರೀತು. ಗಂಟು ಹಾಕಿ ಬುಟ್ಯಾಗ ಇಟ್ಕೊಂಡು ಬಸ್ ಹತ್ತಿದೆ. ಗಂಟು ಇಲ್ಲೈತಿ, ನೋಡು. ಅತ್ತಾಗ ಒಂದು ಮೊಗ್ಗು, ಇತ್ತಾಗ ಒಂದು, ನಡುವ ಗಂಟು.”

ನಾವು ಮೂವರೂ ನೋಡಿದೆವು. ಗಂಟು ಇತ್ತು. ನಾನು ಅಷ್ಟು ದಿನ ಆ ಚಿತ್ರವನ್ನು ನೋಡಿದ್ದರೂ ಅದನ್ನು ಕಂಡಿರಲಿಲ್ಲ.

“ಇವೆರಡರಾಗ ಗಂಟು ಎಲ್ಲೈತಿ? ಹೂವ ಇಲ್ಲ, ಸುಣ್ಣ ಬಳದಂಗ ಐತಿ. ಇದರಾಗ ಐತಿ. ಗಂಟು ಖರೆ ಇದ್ರ ಕುತ್ತಿಗಿ ಹೆಂಗ ಸುಳ್ಳಾಗತೈತಿ?”

ಯಾವ ತರಬೇತಿಯಲ್ಲಿಯೂ ಇದಕ್ಕಿಂತ ಸರಿಯಾದ ಪರೀಕ್ಷೆಯನ್ನು ನಾನು ಕಂಡಿಲ್ಲ. ಐದು ದಿನ ಕೂತು ನಾನು ಮಾಡಿದ್ದನ್ನು ಅವಳು ನಿಂತ ನಿಲುವಿನಲ್ಲಿ ಮಾಡಿದ್ದಳು.

“ಅತ್ತೀ, ನಿನಗೇನು ತಿಳಿತೈತಿ ಇದರಾಗಿಂದು,” ಎಂದ ಗಂಡನ ಅಣ್ಣ. ದನಿ ಏರಿಸಲಿಲ್ಲ. “ಹೂವು ಕಟ್ಟೋದು ಬ್ಯಾರೆ, ಕಂಪ್ಯೂಟರ್ ಬ್ಯಾರೆ. ಓದಿದಾಂವ ಅದಾನಲ್ಲ, ಕೇಳು.”

ಮಾಲೀಕರು ನನ್ನ ಕಡೆ ನೋಡಿದರು. “ಹೇಳಲೇ, ಕಲಿ ಹೌದಲ್ಲ?”

ಮಣ್ಣಾಗಿ ಅಂದಿಗೆ ಒಂಬತ್ತು ದಿನ. ಹೂತ ಹೆಣವನ್ನು ಎತ್ತಿಸಿ ಡಾಕ್ಟರಿಂದ ನೋಡಿಸಲು ಬರುತ್ತದೆ ಎಂದು ನನಗೆ ಗೊತ್ತಿತ್ತು. ಅದಕ್ಕೆ ತಾಯಿ ದೂರು ಕೊಡಬೇಕು ಎಂದೂ, ದಿನ ಕಳೆದಷ್ಟೂ ಮಣ್ಣಿನಲ್ಲಿ ಏನೂ ಉಳಿಯುವುದಿಲ್ಲ ಎಂದೂ ಗೊತ್ತಿತ್ತು. ಇದನ್ನೆಲ್ಲ ಆಮೇಲೆ ಯೋಚಿಸಿದ್ದಲ್ಲ. ಆ ಕೌಂಟರಿನ ಹಿಂದೆ ನಿಂತಾಗಲೇ ಯೋಚಿಸಿದೆ.

“ಹೌದವ್ವಾ,” ಎಂದೆ. “ಕಂಪ್ಯೂಟರಿನ ಕಲಿ. ಹೂವಿಗೆ ಒಂದು ಲೆಕ್ಕ, ಮೈಗೆ ಒಂದು ಲೆಕ್ಕ ಹಾಕತೈತಿ.”

ಅಂಥ ಲೆಕ್ಕ ಯಾವ ಸಾಫ್ಟ್‌ವೇರಿನಲ್ಲಿಯೂ ಇರಲಿಲ್ಲ.

ಅವಳು ಮೂರನೆಯ ಪ್ರಿಂಟನ್ನು ಕೈಗೆತ್ತಿಕೊಂಡಳು. ಆಮೇಲೆ, “ಹಂಗಾದ್ರ ನೆಗೆಟಿವ್ ತೋರ್ಸು. ನನ್ನ ಮದುವಿ ಫೋಟೋದ ನೆಗೆಟಿವ್ ಇನ್ನೂ ಐತಿ ಮನ್ಯಾಗ. ಅದರಾಗ ಸುಳ್ಳು ಬರಾಂಗಿಲ್ಲ,” ಎಂದಳು.

ಕಚ್ಚಾ ಫೈಲು ಎಂದರೆ ನೆಗೆಟಿವ್. ಬೇರೆ ಏನೂ ಅಲ್ಲ. ಅದು ಆ ಹೊತ್ತಿಗೆ ನನ್ನ ಹಿಂದಿನ ಪರದೆಯ ಮೇಲೆ ತೆರೆದೇ ಇತ್ತು. ಪರದೆಯ ಬೆನ್ನು ಅವಳ ಕಡೆಗಿತ್ತು. ಅವಳಿಂದ ಅದಕ್ಕೆ ನಾಲ್ಕು ಅಡಿ.

“ಇದರಾಗ ನೆಗೆಟಿವ್ ಇರಾಂಗಿಲ್ಲವ್ವಾ,” ಎಂದೆ.

“ಇಲ್ಲೇನು?”

“ಇಲ್ಲ. ಡಿಜಿಟಲ್.”

“ಆತಲ್ಲ? ಸಮಾಧಾನ ಆತಲ್ಲ?” ಎಂದ ಗಂಡನ ಅಣ್ಣ. ಡಬ್ಬಿದರ ಪ್ರಿಂಟನ್ನು ಎತ್ತಿ, “ಇದಕ್ಕ ಫ್ರೇಮ್ ಹಾಕ್ರಿ, ಮಾರಿ ಚಂದ ಬಂದೈತಿ,” ಎಂದ. ಮೂರನೆಯದನ್ನು ತಾಯಿ ಹಿಡಿದುಕೊಂಡಿದ್ದಳು. ಆತ ಅದರ ಇನ್ನೊಂದು ತುದಿ ಹಿಡಿದು ಮೆಲ್ಲಗೆ ಎಳೆದ. “ಬಿಡತ್ತೀ, ಕೆಟ್ಟದ್ದು ಮನ್ಯಾಗ ಇಡಬಾರದು.” ಅವಳು ಬಿಟ್ಟಳು. ಆತ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ. ದಪ್ಪ ಕಾಗದ, ಮಡಿಸುವಾಗ ಎರಡು ಸಲ ಸದ್ದಾಯಿತು.

ಫ್ರೇಮು ಹಾಕಿಕೊಡಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅವಳು ಬೆಂಚಿನ ಮೇಲೆ ಕೂತಿದ್ದಳು. ಮಾಲೀಕರು ಚಹಾ ತರಿಸಿದರು. ಗಂಡನ ಅಣ್ಣ ಕುಡಿದ. ಅವಳು ಕುಡಿಯಲಿಲ್ಲ. ಹೋಗುವಾಗ ಫ್ರೇಮನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಮುಂದೆ ಒಂದು ಕ್ಷಣ ನಿಂತಳು. ಆಮೇಲೆ ಬಾಗಿಲ ಕಡೆ ನಡೆದಳು.

ಅವರು ಹೋದ ಮೇಲೆ ಮಾಲೀಕರು ಮೂರು ಪ್ರಿಂಟುಗಳಿದ್ದ ಜಾಗವನ್ನೇ ನೋಡುತ್ತ ನಿಂತರು. ಎರಡನ್ನು ಒಯ್ದಿದ್ದರು, ಪುಕ್ಕಟಿದರದು ಒಂದೇ ಉಳಿದಿತ್ತು. ಅವರು ಮೂರೂ ಇನ್ನೂ ಅಲ್ಲಿವೆ ಎಂಬಂತೆ ಗಾಜಿನ ಮೇಲೆ ಕೈಯಾಡಿಸಿದರು.

“ಡಬ್ಬಿದ ಇರಲಿ,” ಎಂದರು. “ಲಗೂ ಆಗತೈತಿ. ಮದಿವಿಗೆ ಅದ ಚಲೋ. ಬ್ಯಾರೆವು ತೆಗೆದು ಹಾಕು.”

“ಫೈಲು?”

“ಎಲ್ಲಾನೂ.”

“ಅಣ್ಣಾರ, ಅದೊಂದು...”

“ದೊಡ್ಡ ಮನಿ ಅದು, ಲೇ. ನಾಳಿ ನೀನೂ ನಾನೂ ಇದೇ ರಸ್ತ್ಯಾಗ ತಿರಗಾಡಬೇಕು.” ಅಷ್ಟು ಹೇಳಿ ಊಟಕ್ಕೆ ಮನೆಗೆ ಹೋದರು.

ಅವರು ಮರಳಿದ್ದು ಒಂದೂ ಕಾಲು ಗಂಟೆಯ ನಂತರ. ಅಷ್ಟು ಹೊತ್ತು ಸ್ಟುಡಿಯೋದಲ್ಲಿ ನಾನೊಬ್ಬನೇ ಇದ್ದೆ. ಇದನ್ನು ಬರೆಯಲೇಬೇಕು. ಮೇಜಿನ ಬಲಗಡೆಯ ಖಾನೆಯಲ್ಲಿ ಖಾಲಿ ಸಿ.ಡಿ.ಗಳಿದ್ದವು. ಹನ್ನೊಂದು ಫೈಲುಗಳನ್ನು ಒಂದಕ್ಕೆ ಬರೆಯಲು ನಮ್ಮ ಕಂಪ್ಯೂಟರಿಗೆ ನಾಲ್ಕು ನಿಮಿಷ ಸಾಕಿತ್ತು. ಕರೆಂಟು ಇತ್ತು. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಒಂದು ಸಿ.ಡಿ. ತೆಗೆದು ಡ್ರೈವಿಗೆ ಹಾಕಿದೆ ಕೂಡ. ಆಮೇಲೆ ಹೊರಗೆ ತೆಗೆದು ಖಾನೆಯಲ್ಲಿಟ್ಟೆ. ಮೊದಲು ಹದಿನೈದು ದಿನದ್ದನ್ನು ತೆಗೆದೆ. ಅದರ ದಿನ ಇನ್ನೂ ಮುಗಿದಿರಲಿಲ್ಲ. ಯಾಕೆ ತೆಗೆಯುತ್ತಿದ್ದೀರಿ ಎಂದು ಅದು ಒಂದು ಪ್ರಶ್ನೆ ಕೇಳಿತು, ಕೆಳಗೆ ಐದು ಉತ್ತರಗಳ ಪಟ್ಟಿ ಕೊಟ್ಟಿತು. ‘ನಿಧಾನ’ ಎಂಬುದಕ್ಕೆ ಗುರುತು ಹಾಕಿದೆ. ಪುಕ್ಕಟಿದನ್ನು ತೆಗೆದೆ. ಲ್ಯಾಬಿಗೆ ಒಯ್ದಿದ್ದ ಸಿ.ಡಿ.ಯನ್ನು ಮುರಿದೆ. ಕೊನೆಗೆ ಹನ್ನೊಂದು ಫೈಲು, ಅವುಗಳಿಂದ ಮಾಡಿದ ಚಿತ್ರಗಳು. ಕಸದ ಬುಟ್ಟಿಗೆ ಹಾಕಿ, ಬುಟ್ಟಿಯನ್ನೂ ಖಾಲಿ ಮಾಡಿದೆ. ಮೆಮೊರಿ ಕಾರ್ಡು ಆಗಲೇ ಬೇರೆ ಕೆಲಸಕ್ಕೆ ಹೋಗಿತ್ತು.

ಮಾಲೀಕರು ಬಂದು ಏನನ್ನೂ ಕೇಳಲಿಲ್ಲ. ನಾನು ಮಾಡಿರುತ್ತೇನೆ ಎಂದು ಅವರಿಗೆ ಗೊತ್ತಿತ್ತು.

ಆರು ವಾರಗಳ ಮೇಲೆ, ಮಧ್ಯಾಹ್ನದ ಹೊತ್ತು, ತಾಯಿ ಮತ್ತೆ ಬಂದಳು. ಈ ಸಲ ಅವಳ ಜೊತೆ ಇದ್ದವನು ಹಡಗಲಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುವ ಯುವಕ. ಮಾಲೀಕರು ಊರಲ್ಲಿರಲಿಲ್ಲ. ಅವಳು ಕೂಡಲಿಲ್ಲ.

“ಈ ಮಾಸ್ತರ್ರು ಅಂತಾರ, ಅದಕ್ಕೂ ನೆಗೆಟಿವ್ ಇರತೈತಂತ.”

ಯುವಕ ಮರ್ಯಾದೆಯಿಂದ ಕೇಳಿದ: “ಸರ್, ರಾ ಫೈಲ್‌ನಲ್ಲಿ ತೆಗೆದಿದ್ರೇನ್ರಿ? ತೆಗೆದಿದ್ರ ಒಂದು ಕಾಪಿ ಕೊಡ್ರಿ. ಅಷ್ಟ ಸಾಕು.”

ನಾನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಆದರೆ ಆ ಹೊತ್ತಿಗೆ ನನ್ನ ಸತ್ಯದಿಂದ ಯಾರಿಗೂ ಯಾವ ಉಪಯೋಗವೂ ಉಳಿದಿರಲಿಲ್ಲ. ಅದೂ ನನಗೆ ಗೊತ್ತಿತ್ತು. ಅದಕ್ಕೇ ಹೇಳಲು ಸಾಧ್ಯವಾಯಿತೇನೋ.

“ಅಳಿಸಿದೆ,” ಎಂದೆ.

ಯುವಕ ಹಣೆ ಒರೆಸಿಕೊಂಡ. ಹಾರ್ಡ್ ಡಿಸ್ಕ್ ಕೊಡಿ, ಅಳಿಸಿದ್ದನ್ನೂ ಒಮ್ಮೊಮ್ಮೆ ತೆಗೆಯಲು ಬರುತ್ತದೆ ಎಂದ. ನಡುವೆ ಎಂಟು ಮದುವೆಗಳ ಫೋಟೋಗಳು ಅದೇ ಜಾಗದಲ್ಲಿ ಕೂತಿವೆ ಎಂದೆ. ತಾಯಿ ನಮ್ಮಿಬ್ಬರ ಮಾತನ್ನೂ ತಲೆ ಬಾಗಿಸಿ ಕೇಳುತ್ತಿದ್ದಳು.

“ಅಳಿಸಿದೆ ಅಂದಿ.”

“ಹೌದವ್ವಾ.”

“ಅಳಿಸಿದೆ ಅಂದ್ರ ಇತ್ತು ಅಂದಂಗಾತು.”

ಅವಳು ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು.

“ಅಷ್ಟ ಬೇಕಿತ್ತು. ಆರು ವಾರ ಆತು, ನನ್ನ ಕಣ್ಣ ಸುಳ್ಳು ಅಂದ್ಕೊಂಡು ಕುಂತೀನಿ. ಹುಚ್ಚಿ ಆಗೀನಿ ಅಂತ ಮನ್ಯಾನವರು ದೇವರಿಗೆ ಕರ್ಕೊಂಡು ಹೋಗಿದ್ರು.” ಯುವಕನಿಗೆ, “ನಡೀರಿ ಮಾಸ್ತರ್ರ, ಬಸ್ಸಿಗೆ ಹೊತ್ತಾತು,” ಎಂದಳು.

ಅವಳು ದೂರು ಕೊಟ್ಟಳೇ, ಕೊಟ್ಟಿದ್ದರೆ ಏನಾಯಿತು, ನನಗೆ ಗೊತ್ತಿಲ್ಲ. ನನ್ನನ್ನು ಯಾರೂ ಕರೆಯಲಿಲ್ಲ, ನಾನಾಗಿ ಹೋಗಲೂ ಇಲ್ಲ. ಮರುವರ್ಷದ ಬೇಸಿಗೆಯಲ್ಲಿ ಆ ಗಂಡನಿಗೆ ಎರಡನೆಯ ಮದುವೆಯಾಯಿತು. ಫೋಟೋದ ಕೆಲಸ ನಮ್ಮ ಸ್ಟುಡಿಯೋಕ್ಕೇ ಬಂತು, ಹೋದವನು ನಾನೇ. ಗಂಡನ ಅಣ್ಣ ನನಗೆ ಎಲೆಯ ಮುಂದೆ ಕೂಡಿಸಿ ತಾನೇ ಹೋಳಿಗೆ ಬಡಿಸಿದ. “ನಿಮ್ಮ ಕಂಪ್ಯೂಟರಿನ ದೆವ್ವ ಬಿಡ್ತೇನ್ರಿ?” ಎಂದು ಕೇಳಿದ. ಪಂಕ್ತಿಯಲ್ಲಿದ್ದ ನಾಲ್ಕೈದು ಮಂದಿ ಏನೆಂದು ತಿಳಿಯದೆ ನಕ್ಕರು. ನಾನೂ ನಕ್ಕೆ. ಆ ಮದುವೆಯ ಫೋಟೋಗಳನ್ನೆಲ್ಲ ಡಬ್ಬಿದರಲ್ಲಿಯೇ ತಯಾರಿಸಿದೆ. ಎಲ್ಲರ ಮೈಯೂ ನುಣ್ಣಗೆ ಬಂತು.

ಆ ಕುತ್ತಿಗೆಯನ್ನು ನನ್ನ ಹೊರತಾಗಿ ನೋಡಿದವರು ಇವರು. ಮೈ ತೊಳೆದ ಹೆಂಗಸರು ಇಬ್ಬರು. ಹಿರಿಯವಳು ತೀರಿಕೊಂಡಳು, ಕಿರಿಯವಳು ಅದೇ ಊರಿನಲ್ಲಿ ಇದ್ದಾಳೆ. ದಾವಣಗೆರೆಯ ಲ್ಯಾಬಿನ ಆಪರೇಟರು ಇದ್ದಾನೆ. ಲ್ಯಾಬು ಮುಚ್ಚಿದೆ, ಈಗ ಮೊಬೈಲ್ ರಿಪೇರಿಯ ಅಂಗಡಿ ಇಟ್ಟಿದ್ದಾನೆ, ಕೇಳಿದರೆ ನೆನಪಿದೆ ಎನ್ನುತ್ತಾನೆ. ನಮ್ಮ ಮಾಲೀಕರು ಸತ್ತು ಎಂಟು ವರ್ಷವಾಯಿತು. ಗಂಡನ ಅಣ್ಣ ಇದ್ದಾನೆ, ಆರೋಗ್ಯವಾಗಿದ್ದಾನೆ. ತಾಯಿ ಹಡಗಲಿಯಲ್ಲಿ ಇದ್ದಾಳೆ. ಎರಡೂ ಕಣ್ಣು ಈಗ ಅಷ್ಟಾಗಿ ಕಾಣುವುದಿಲ್ಲ. ಕಳೆದ ವರ್ಷ ಅವಳನ್ನು ಕಾಣಲು ಹೋದವರೊಬ್ಬರಿಗೆ ತನ್ನ ಕುತ್ತಿಗೆಯ ಎಡಭಾಗದಲ್ಲಿ ಕಿರುಬೆರಳು ಇಟ್ಟು, ಅದನ್ನು ಗದ್ದದ ಕೆಳಗಿನಿಂದ ಕಿವಿಯ ಹಿಂದಕ್ಕೆ ಎಳೆದು ತೋರಿಸಿದಳಂತೆ. ತೋರಿಸಿದ ಜಾಗ ಸರಿಯಾಗಿದೆ.